ಬಿದ್ದದ್ದೆಲ್ಲ ಪುಟ್ಟಿಯದು

ಬೆಂಗಳೂರಿನ ಜಯನಗರದಲ್ಲಿ ಋತು ಬದಲಾದದ್ದು ಮೊದಲು ಗೊತ್ತಾಗುವುದು ಫುಟ್‌ಪಾತಿನ ಮೇಲೆ. ದೊಡ್ಡವರು ತಲೆಯೆತ್ತಿ ಕೊಂಬೆಯಲ್ಲಿ ಹೂ ಕಾಣುವ ಹೊತ್ತಿಗೆ ಮಕ್ಕಳು ಅದೇ ಹೂವಿನಲ್ಲಿ ಎರಡು ಆಟ ಆಡಿ ಮುಗಿಸಿರುತ್ತಾರೆ. ಮೂರೂವರೆ ವರ್ಷದ ನನ್ನ ಮೊಮ್ಮಗಳು ಪುಟ್ಟಿಯ ಕಣ್ಣು ನೆಲದಿಂದ ಮೂರಡಿಗಿಂತ ಮೇಲಿಲ್ಲ. ಅವಳ ಪಾಲಿಗೆ ಮರ ಎಂದರೆ ಅದರ ಬುಡ, ಕಲ್ಲುಚಪ್ಪಡಿ ಎತ್ತಿಕೊಂಡು ಮೇಲೆದ್ದ ಬೇರು, ಬೇರಿನ ಸಂದಿಯಲ್ಲಿ ಸಾಲು ಹೊರಟ ಇರುವೆ, ರಾತ್ರಿಯೆಲ್ಲ ಮೇಲಿನಿಂದ ಉದುರಿದ ಸಾಮಾನು. ಕಿತ್ತರೆ ಬೈಗುಳ, ಬಿದ್ದದ್ದನ್ನು ಎತ್ತಿಕೊಂಡರೆ ಯಾರೂ ಕೇಳುವುದಿಲ್ಲ. ಈ ಕಾನೂನು ಅವಳಿಗೆ ಬಲು ಬೇಗ ತಿಳಿದುಬಿಟ್ಟಿತು. ಬಿದ್ದದ್ದೆಲ್ಲ ಪುಟ್ಟಿಯದು.

ಯುಗಾದಿ ಹತ್ತಿರವಾಗುತ್ತಿದ್ದಂತೆ ಹೊಂಗೆಯ ಕೆಲಸ ಶುರು. ಹಳೆಯ ಎಲೆ ಕಳಚಿ, ಎಣ್ಣೆ ಹಚ್ಚಿದಷ್ಟು ಹೊಳೆಯುವ ಎಳೆಯ ಎಲೆ ಬಂದು, ಅದರ ಹಿಂದೆಯೇ ಗೊಂಚಲು ಗೊಂಚಲು ಹೂ. ಬೆಳಿಗ್ಗೆ ಏಳರ ಹೊತ್ತಿಗೆ ಮರದ ಕೆಳಗೆ ನಿಂತರೆ ಜೇನಿನ ಗುಂಯ್‌ಗುಡುವಿಕೆ ಬಸ್ಸಿನ ಸದ್ದನ್ನೂ ಮೀರಿ ಕಿವಿಗೆ ಬೀಳುತ್ತದೆ. ಕೆಳಗೆ ಚೀಲವೊಂದು ಹರಿದು ಪುರಿ ಚೆಲ್ಲಿದ ಹಾಗೆ ಹೂ. ಬಿಳಿ ಎನ್ನೋಣ ಎಂದರೆ ತುದಿಯಲ್ಲಿ ನಸುನೇರಳೆ, ನೇರಳೆ ಎನ್ನೋಣ ಎಂದರೆ ಬಿಳಿ. ಹೂವಿನ ಬುಡದಲ್ಲಿ ಕಂದು ಬಣ್ಣದ ಪುಟ್ಟ ಬಟ್ಟಲು. ಪುಟ್ಟಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ವಿಂಗಡಿಸುತ್ತಾಳೆ: ಅರಳಿದ್ದು ಒಂದು ಕಡೆ, ಮೊಗ್ಗಾಗಿಯೇ ಬಿದ್ದದ್ದು ಇನ್ನೊಂದು ಕಡೆ. ಮೊಗ್ಗನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಅದು ಸಣ್ಣಗೆ ಬಾಯಿ ಬಿಡುತ್ತದೆ. ಅದನ್ನು ಅವಳು ಒಂದೊಂದಾಗಿ ಬಾಯಿ ಬಿಡಿಸುತ್ತಾ ಕೂತರೆ ಎಬ್ಬಿಸುವುದಕ್ಕೆ ಮನಸ್ಸು ಬರುವುದಿಲ್ಲ.

ಅಷ್ಟರಲ್ಲಿ ರಸ್ತೆಯ ಆ ತುದಿಯಿಂದ ಉದ್ದ ಪೊರಕೆಯ ಸದ್ದು.

"ಒಂದೈದು ನಿಮಿಷ ಈ ಮರದ ಬುಡ ಬಿಡಮ್ಮ, ಮಗು ಆಡ್ಕೊಳ್ಳಲಿ."

"ಆಡ್ಲಿ ಬಿಡಿ ಅಮ್ಮ. ಆ ಕಡೆಯಿಂದ ಗುಡಿಸ್ಕೊಂಡು ಬರ್ತೀನಿ," ಎನ್ನುತ್ತಾರೆ ಪೌರಕಾರ್ಮಿಕ ಹೆಂಗಸು. ಅವರ ಮನೆಯಲ್ಲೂ ಇದೇ ವಯಸ್ಸಿನ ಮಗುವಿದೆಯಂತೆ. ಆ ಕಡೆ ಗುಡಿಸಿ ಬರುವಾಗ ಅವರೇ ಒಂದು ಹಿಡಿ ಹೂ ಬಾಚಿ ತಂದು ಪುಟ್ಟಿಯ ಫ್ರಾಕಿನ ಮಡಿಲಿಗೆ ಸುರಿದರು.

ಈ ಹೊಂಗೆಗಳು ತಾವಾಗಿ ಹುಟ್ಟಿದವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ರಸ್ತೆ ರಸ್ತೆಗೂ ಸಸಿ ನೆಟ್ಟರು. ಒಟ್ಟು ಸುಮಾರು 15 ಲಕ್ಷ. ಬರೀ ನೆಟ್ಟು ಹೋಗಲಿಲ್ಲ, ದನ ಬಾಯಿ ಹಾಕದ ಹಾಗೆ ಸುತ್ತ ಬೇಲಿ ಕಟ್ಟಿ, ನೀರು ಕಂಡು, ಮನೆಮನೆಯವರನ್ನೂ ಒಳಗೊಂಡು ಬೆಳೆಸಿದರು. ಅಂದು ಸಸಿಯಾಗಿದ್ದದ್ದು ಇಂದು ಮೂರನೇ ಮಹಡಿಯ ಕಿಟಕಿಗೆ ನೆರಳು ಕೊಡುತ್ತಿದೆ. ಅವರ ಲೆಕ್ಕ ನೆರಳಿನದು, ಗಾಳಿಯದು. ಅದರ ಜೊತೆಗೆ ನಲವತ್ತು ವರ್ಷದ ಆಚೆಗಿನ ಮಕ್ಕಳಿಗೆ ಪ್ರತಿ ಬೆಳಿಗ್ಗೆ ಹೊಸ ಆಟಿಕೆ ಹಂಚುವ ವ್ಯವಸ್ಥೆಯೂ ಆಗಿಹೋಯಿತು. ಇಂಥ ಆಸ್ತಿ ಮಾಡಿಟ್ಟವರನ್ನು ನಾವು ಇನ್ನಷ್ಟು ನೆನೆಯಬೇಕು.

ಬೇಸಿಗೆ ಬಲಿತ ಮೇಲೆ ಆಟ ಏರುತ್ತದೆ. ಮಹಾಗನಿಯ ಗಟ್ಟಿ ಕಾಯಿ ಮರದಲ್ಲೇ ಒಡೆದು, ರೆಕ್ಕೆಯ ಬೀಜ ಒಂದೊಂದೇ ಗಿರಗಿರ ತಿರುಗುತ್ತಾ ಇಳಿಯುತ್ತವೆ. ಭಾರದ ತುದಿ ಕೆಳಗೆ, ತೆಳ್ಳನೆಯ ಕಂದು ರೆಕ್ಕೆ ಮೇಲೆ. ನೆಲ ಮುಟ್ಟಿದ ಮೇಲೆ ಆಟ ಮುಗಿಯಲಿಲ್ಲ. ಎತ್ತಿ ಮೇಲಕ್ಕೆ ತೂರಿದರೆ ಮತ್ತೆ ಅಷ್ಟೇ ಚೆನ್ನಾಗಿ ತಿರುಗುತ್ತದೆ. ಪುಟ್ಟಿಯ ಕೈಯಿಂದ ಅದು ನಾಲ್ಕಡಿಗಿಂತ ಮೇಲೆ ಹೋಗದು. ಆದ್ದರಿಂದ ತೂರುವ ಕೆಲಸ ನನ್ನದು, ಹಿಡಿಯುವ ಕೆಲಸ ಅವಳದು. ಅರವತ್ತು ದಾಟಿದವಳಿಗೆ ಭುಜಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಬೇಡ.

ಏಪ್ರಿಲ್ ಕೊನೆಗೆ ಗುಲ್‌ಮೊಹರ್ ಬಂತೆಂದರೆ ಕೋಳಿ ಜಗಳ. ಬಿದ್ದ ಮೊಗ್ಗು ಬಿಡಿಸಿದರೆ ಒಳಗೆ ಹತ್ತು ಕೇಸರ ಸುತ್ತಿಕೊಂಡು ಮಲಗಿರುತ್ತವೆ, ಒಂದೊಂದರ ತುದಿಗೂ ಒಂದು ತಲೆ. ನಿಮ್ಮದೊಂದು, ನನ್ನದೊಂದು, ತಲೆಗೆ ತಲೆ ಸಿಕ್ಕಿಸಿ ಎಳೆಯಬೇಕು. ಯಾರ ಕೋಳಿಯ ತಲೆ ಹಾರಿತೋ ಅವರು ಸೋತರು. ಮೊಗ್ಗಿನ ಹೊದಿಕೆಯ ಐದು ಎಸಳನ್ನೂ ಬಿಸಾಡುವ ಹಾಗಿಲ್ಲ, ಅದು ಉಗುರಿಗೆ ಅಂಟಿಸಿಕೊಳ್ಳುವುದಕ್ಕೆ. ಬೆರಳಿಗೊಂದು ಉದ್ದುಗುರು ಬಂದ ಮೇಲೆ ಪುಟ್ಟಿ ರಾಕ್ಷಸಿ, ನಾನು ಓಡಬೇಕಾದವಳು. ನೀರುಕಾಯಿ ಮರದ ಮೊಗ್ಗಿನದು ಬೇರೆ ವಿದ್ಯೆ: ಬಾಗಿದ ಆ ಮೊಗ್ಗಿನ ತುದಿ ಚಿವುಟಿ ಹಿಂದಿನಿಂದ ಒತ್ತಿದರೆ ಸುಂಯ್ ಎಂದು ನೀರು ಚಿಮ್ಮುತ್ತದೆ. ತಾತನ ಒಗೆದು ಇಸ್ತ್ರಿ ಮಾಡಿದ ಅಂಗಿಯೇ ಅದಕ್ಕೆ ಗುರಿ. ಗುಲ್‌ಮೊಹರ್ ಮಡಗಾಸ್ಕರಿನದು, ನೀರುಕಾಯಿ ಆಫ್ರಿಕಾದ್ದು, ಮಹಾಗನಿ ಸಮುದ್ರದಾಚೆಯ ಅಮೆರಿಕ ಖಂಡದ್ದು. ಈ ಬೀದಿಯ ಮಕ್ಕಳ ಕೈಗೆ ಬಂದ ಮೇಲೆ ಮೂರೂ ನಮ್ಮ ಊರಿನವೇ.

ಗಸಗಸೆ ಹಣ್ಣಿನ ಮರವನ್ನು ಯಾರೂ ನೆಡಬೇಕಾಗಿಲ್ಲ, ಹಕ್ಕಿ ಬಾವಲಿಗಳೇ ನೆಡುತ್ತವೆ. ಕಾಂಪೌಂಡ್ ಗೋಡೆಯ ಪಕ್ಕ, ಚರಂಡಿಯ ಅಂಚು, ಖಾಲಿ ಸೈಟು, ಎಲ್ಲಿ ಬೇಕಾದರೂ ಎದ್ದು ನಿಲ್ಲುತ್ತದೆ. ಕೊಂಬೆ ತಗ್ಗಿನಲ್ಲಿ ಚಾಚುವುದರಿಂದ ಕೂಸನ್ನು ಹೆಗಲಿಗೆ ಏರಿಸಿದರೆ ಹಣ್ಣು ಕೈಗೆ ಸಿಗುತ್ತದೆ. ಕೆಂಪಗಾದ ಹಣ್ಣನ್ನು ಬಾಯಲ್ಲಿಟ್ಟು ಒತ್ತಿದರೆ ಸಕ್ಕರೆ ನೀರು, ನಾಲಿಗೆಗೆ ಸಣ್ಣ ಸಣ್ಣ ಬೀಜದ ತರಿ. ಅಂಗಡಿಯಲ್ಲಿ ಇದು ಸಿಗುವುದಿಲ್ಲ, ಸಿಗುವುದೂ ಬೇಡ.

ಮರಗಳನ್ನು ಹೀಗೆ ತಿಂಗಳ ಸರದಿಯ ಮೇಲೆ ಅರಳಿಸುವ ಯೋಚನೆಯನ್ನು ಬೆಂಗಳೂರಿಗೆ ಕಲಿಸಿದವರು ಗುಸ್ತಾವ್ ಹರ್ಮನ್ ಕೃಂಬಿಗಲ್ ಎನ್ನುತ್ತಾರೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತವರು. 1956ರಲ್ಲಿ ಇಲ್ಲೇ ಮಣ್ಣಾದರು. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಹೂ ಬಿಡಬೇಕು, ವರ್ಷದಲ್ಲಿ ಯಾವ ತಿಂಗಳೂ ಬರಿದಾಗಬಾರದು ಎಂಬುದು ಅವರ ಎಣಿಕೆ. ಲಾಲ್‌ಬಾಗಿನ ಪಶ್ಚಿಮ ದ್ವಾರದ ಹತ್ತಿರ ಅವರ ಹೆಸರಿನ ರಸ್ತೆಯೇ ಇದೆ.

ಲಾಲ್‌ಬಾಗಿಗೆ ನಾವು ಒಳಹೋಗುವುದು ಜಯನಗರದ ಕಡೆಗಿರುವ ಸಿದ್ದಾಪುರ ಗೇಟಿನಿಂದ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ, ಈಗ 240 ಎಕರೆ. ದೂರದೂರಿನಿಂದ ಬಂದವರು 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಪುಟ್ಟಿ ಗಾಜಿನಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಬೇಕಾದದ್ದು ಬಂಡೆ.

ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ಹಾಕಿದ್ದಾರೆ. ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಮಗುವಿಗೆ 300 ಕೋಟಿ ಗೊತ್ತಿಲ್ಲ. ಬರಿಗಾಲಿಗೆ ಬೆಳಗಿನ ಬಂಡೆ ತಣ್ಣಗೆ, ಹತ್ತು ಗಂಟೆಯ ಬಂಡೆ ಬೆಚ್ಚಗೆ ಎಂಬುದು ಗೊತ್ತು. ಇಳಿಜಾರಿನಲ್ಲಿ ಕೂತು ಜಾರಿದರೆ ಚಡ್ಡಿ ಸವೆಯುತ್ತದೆ ಎಂಬುದನ್ನು ಅವಳ ಅಮ್ಮ ಬಲ್ಲಳು. ಮಳೆ ಬಂದು ನಿಂತ ದಿನಗಳಲ್ಲಿ ಬಂಡೆಯ ತಗ್ಗುಗಳಲ್ಲಿ ಅಂಗೈಯಗಲ ನೀರು, ಕೆಲವದರಲ್ಲಿ ಗೊದಮೊಟ್ಟೆ. ಬಾಲ ಅಲ್ಲಾಡಿಸಿಕೊಂಡು ಒಂದೇ ಕಡೆ ಗುಂಪುಗೂಡಿ, ನೆರಳು ಬಿದ್ದೊಡನೆ ಚದುರಿ, ನೆರಳು ಸರಿದರೆ ಮತ್ತೆ ಕೂಡುತ್ತವೆ. ಆ ನೆರಳು ತನ್ನದೇ ಎಂದು ತಿಳಿಯುವುದಕ್ಕೆ ಪುಟ್ಟಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಉಸಿರು ಬಿಗಿಹಿಡಿದು ಹಿಂದೆ ಸರಿದು ಕೂತಳು. ಯಾರೂ ಸುಮ್ಮನಿರು ಎಂದು ಹೇಳಿರಲಿಲ್ಲ.

ಅಲ್ಲೇ ಇನ್ನೊಂದು ದಿನ ಓತಿಕ್ಯಾತ. ಮರಿ ಮಾಡುವ ಕಾಲದಲ್ಲಿ ಗಂಡಿನ ಬಣ್ಣ ನೋಡಬೇಕು: ಬೆನ್ನು ಕೆಂಪು, ಪಕ್ಕೆ ಕಪ್ಪು. ಬಂಡೆಯ ತುದಿಯಲ್ಲಿ ಬಿಸಿಲಿಗೆ ಕೂತು ಮುಂಗಾಲೂರಿ ಮೇಲೆ ಕೆಳಗೆ ದಂಡ ಹೊಡೆಯುತ್ತಿತ್ತು. ಆಚೆ ಬಂಡೆಯ ಮೇಲೆ ಇನ್ನೊಂದು ಗಂಡು ಇರಬೇಕು, ಅದಕ್ಕೆ ಕೊಡುವ ಎಚ್ಚರಿಕೆ ಅದು. ಪುಟ್ಟಿ ಎರಡೂ ಕೈ ಬಂಡೆಗೆ ಊರಿ ತಾನೂ ದಂಡ ಹೊಡೆದಳು. ಓತಿಕ್ಯಾತ ಒಂದು ಗಳಿಗೆ ನಿಂತಿತು. ಮತ್ತೆ ಹೊಡೆಯಿತು. ಇವಳೂ ಹೊಡೆದಳು. ಪಕ್ಕದಲ್ಲಿ ವಾಕಿಂಗಿಗೆ ಬಂದ ಯಜಮಾನರೊಬ್ಬರು ಶೂ ಲೇಸು ಕಟ್ಟುವುದನ್ನು ಬಿಟ್ಟು ಈ ಪಂದ್ಯ ನೋಡುತ್ತಾ ನಿಂತರು. ಕೊನೆಗೆ ಸೋತದ್ದು ಓತಿ. ಸರ್ರನೆ ಸಂದಿಯೊಳಗೆ ಹೋಯಿತು.

ಗೇಟಿನಿಂದ ಆಚೆ ಬಂದರೆ ಸಿದ್ದಾಪುರದ ನರ್ಸರಿಗಳು. ಮಗುವನ್ನು ಕರೆದುಕೊಂಡು ಹೋಗುವುದಕ್ಕೆ ಪಾರ್ಕಿಗಿಂತ ನರ್ಸರಿ ಮೇಲು ಎಂಬುದು ನನ್ನ ಅಭಿಪ್ರಾಯ. ಪಾರ್ಕಿನಲ್ಲಿ ಎಲ್ಲ ಮುಗಿಸಿಟ್ಟಿರುತ್ತಾರೆ, ನರ್ಸರಿಯಲ್ಲಿ ಕೆಲಸ ನಡೆಯುತ್ತಿರುತ್ತದೆ. ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸುವವರು ಒಬ್ಬರು, ಕಪ್ಪು ಕವರಿಗೆ ಅದನ್ನು ತುಂಬಿ ಕುಟ್ಟಿ ಕೂರಿಸುವವರು ಒಬ್ಬರು, ಪೈಪು ಹಿಡಿದು ನೀರು ಬಿಡುವವರು ಒಬ್ಬರು. ಕಾಲಡಿ ಯಾವಾಗಲೂ ಒದ್ದೆ. ದಾಸವಾಳ, ನಂದಿಬಟ್ಟಲು, ಕನಕಾಂಬರ, ಕರಿಬೇವು, ನಿಂಬೆ ಎಲ್ಲವೂ ಪುಟ್ಟಿಯ ಎತ್ತರಕ್ಕೇ ಸಾಲಾಗಿ ನಿಂತಿರುತ್ತವೆ. ಮುಖಕ್ಕೆ ಮುಖ ಕೊಟ್ಟು ಮಾತಾಡಿಸಬಹುದು. ಹೈದರನ ಕಾಲದಿಂದಲೂ ಈ ಊರಿನ ತೋಟಗಾರಿಕೆಯಲ್ಲಿ ತಿಗಳ ಸಮುದಾಯದವರ ಕೈಗುಣ ದೊಡ್ಡದು. ಕರಗ ಹೊರುವವರೂ ಅವರೇ. ಗಿಡ ಮುಟ್ಟುವ ಕೈ ಹೇಗಿರಬೇಕು ಎಂದು ಮಗು ನೋಡಿ ಕಲಿಯುವುದಾದರೆ ಇಂಥ ಕಡೆಯೇ.

"ಮಗೂಗೆ ಏನಾದ್ರೂ ಸುಲಭದ್ದು ಕೊಡಣ್ಣ," ಎಂದೆ. ನರ್ಸರಿಯವರು ಮೂಲೆಯ ದೊಡ್ಡಪತ್ರೆಯಿಂದ ಗೇಣುದ್ದದ ಕಡ್ಡಿ ಮುರಿದು, ಕೆಳಗಿನ ಎರಡು ಎಲೆ ಚಿವುಟಿ ಪುಟ್ಟಿಯ ಕೈಗಿಟ್ಟರು. "ಇದಕ್ಕೆ ದುಡ್ಡು ಬೇಡಮ್ಮ. ಚುಚ್ಚಿ ಬಿಡಿ ಪಾಪು, ತಾನೇ ಬರತ್ತೆ." ದಪ್ಪ ಎಲೆ, ಮೇಲೆಲ್ಲ ಮೃದುವಾದ ರೋಮ, ಅಂಚಿಗೆ ಗರಗಸದ ಹಲ್ಲು. ಉಜ್ಜಿದರೆ ಕೈ ತೊಳೆದರೂ ಹೋಗದ ವಾಸನೆ. ಮನೆಯ ಹಿತ್ತಲಿನಲ್ಲಿ ಅದು ಈಗ ಕುಂಡ ತುಂಬಿದೆ. ನೆಗಡಿಯಾದಾಗ ಅದರ ಎಲೆ ಬಾಡಿಸಿ ರಸ ಹಿಂಡುವುದು, ಮಿಕ್ಕ ದಿನ ತಂಬುಳಿ. ಬೇರೆ ಸೊಪ್ಪು ಎಂದರೆ ಮುಖ ತಿರುಗಿಸುವವಳು ತಂಬುಳಿಯನ್ನು ಮಾತ್ರ "ನಂದು" ಎಂದು ಬಟ್ಟಲು ನೆಕ್ಕುತ್ತಾಳೆ.

ಇಷ್ಟು ಹೇಳಿದ ಮೇಲೆ ಬಡಾವಣೆಯ ಪಾರ್ಕುಗಳ ಬಗ್ಗೆ ಮನಸ್ಸಿನಲ್ಲಿರುವುದನ್ನೂ ಹೇಳಬೇಕು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಬ್ಲಾಕು, ಅಡ್ಡರಸ್ತೆಗಳ ಜೊತೆಗೆ ಬಯಲಿಗೂ ಜಾಗ ಬಿಟ್ಟರು. ಆ ದೂರದೃಷ್ಟಿಯಿಂದಲೇ ಇವತ್ತಿಗೂ ಇಲ್ಲಿ ಉಸಿರಾಡುತ್ತಿದ್ದೇವೆ. ಆದರೆ ಒಂದೊಂದು ಪಾರ್ಕಿಗೂ ಹಣ ಮಂಜೂರಾದಾಗಲೆಲ್ಲ ಅಲ್ಲಿ ಬರಿ ಮಣ್ಣು ಅಷ್ಟಷ್ಟೇ ಕಡಿಮೆಯಾಗುತ್ತಿದೆ. ನಡೆಯುವ ದಾರಿಗೆ ಟೈಲ್ಸು, ಮರದ ಬುಡಕ್ಕೆ ಸಿಮೆಂಟಿನ ಕಟ್ಟೆ, ಉಯ್ಯಾಲೆಯ ಕೆಳಗೆ ರಬ್ಬರು, ಹುಲ್ಲಿನ ಸುತ್ತ ಸರಪಳಿ, ಸರಪಳಿಗೆ "ಹುಲ್ಲಿನ ಮೇಲೆ ನಡೆಯಬೇಡಿ" ಎಂಬ ಫಲಕ. ಬಿದ್ದ ಎಲೆಯನ್ನು ಅರ್ಧ ದಿನವೂ ಬಿಡುವುದಿಲ್ಲ, ರಾಶಿ ಹಾಕಿ ಕೆಲವು ಕಡೆ ಬೆಂಕಿಯನ್ನೂ ಇಡುತ್ತಾರೆ. ಆ ಹೊಗೆ ಹಿರಿಯರ ಎದೆಗೂ ಮಕ್ಕಳ ಎದೆಗೂ ಕೆಟ್ಟದ್ದು, ಮರಕ್ಕೆ ಸಿಗಬೇಕಾದ ಗೊಬ್ಬರವೂ ಹಾಳು. ಮೂರಡಿ ಎತ್ತರದವರಿಗೆ ತಲೆಯ ಮೇಲಿನ ಹಸಿರು ಸಾಕಾಗುವುದಿಲ್ಲ. ಕಡ್ಡಿಯಿಂದ ಗೀರಲು, ಅಗೆಯಲು, ನೀರು ಸುರಿದು ಕೆಸರು ಮಾಡಲು, ಎರೆಹುಳ ಎಲ್ಲಿ ಹೋಯಿತೆಂದು ಹುಡುಕಲು ಒಂದು ಮೂಲೆ ಮಣ್ಣು ಬೇಕು. ಪ್ರತಿ ಪಾರ್ಕಿನಲ್ಲೂ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಜಾಗವನ್ನು ಏನೂ ಮಾಡದೆ ಬಿಡಿ ಎಂದು ನಮ್ಮ ವಾರ್ಡಿನ ಸಭೆಯಲ್ಲಿ ಕೇಳಿದ್ದೇನೆ. ಮತ್ತೆ ಕೇಳುತ್ತೇನೆ.

ಜನ ಕೇಳಿದರೆ ಆಗುತ್ತದೆ ಎನ್ನುವುದಕ್ಕೆ ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಯೇ ಇದೆ. ಒಣಗಿ, ಕಸ ತುಂಬಿ ಹೋಗಿದ್ದ ಕೆರೆಗೆ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ನಿಂತರು. ಈಗ ಅಲ್ಲಿ ನಾಮದ ಕೋಳಿ, ನೀರುಕಾಗೆ, ಕೆಂಪು ಕೊಕ್ಕಿನ ನೀಲಿ ಜಂಬುಕೋಳಿ. ಜಂಬುಕೋಳಿ ಉದ್ದ ಬೆರಳಿನ ಕಾಲಿಡುತ್ತಾ ಜೊಂಡಿನ ನಡುವೆ ನಡೆಯುವುದನ್ನು ತಂತಿಬೇಲಿಗೆ ಮೂಗು ಒತ್ತಿಕೊಂಡು ಪುಟ್ಟಿ ನೋಡುತ್ತಾಳೆ. ಬೇಲಿಯ ಗುರುತು ಮನೆಗೆ ಬಂದರೂ ಮೂಗಿನ ಮೇಲಿರುತ್ತದೆ. ಕೆರೆಯ ಅಂಚಿನಲ್ಲಿ ಏರೋಪ್ಲೇನ್ ಚಿಟ್ಟೆ ಹಿಡಿದು ದಾರ ಕಟ್ಟುವ ಆಟ ನಮ್ಮ ಕಾಲದ್ದು, ಅದನ್ನು ಅವಳಿಗೆ ಕಲಿಸಿಲ್ಲ. ಬಿ.ಟಿ.ಎಂ. ಬಡಾವಣೆಯ ಕಡೆಯವರಿಗೆ ಮಡಿವಾಳ ಕೆರೆ ಇದೆ, ದೊಡ್ಡದು. ಹೆಜ್ಜಾರ್ಲೆ ನೋಡಬೇಕೆಂದರೆ ಅಲ್ಲಿಗೆ ಹೋಗಬಹುದು.

ಮತ್ತೆ ನಮ್ಮ ಬೀದಿಗೆ ಬಂದರೆ, ಜೂನಿನಲ್ಲಿ ನೇರಳೆ. ಫುಟ್‌ಪಾತೆಲ್ಲ ಊದಾ ಬಣ್ಣ, ನಿಲ್ಲಿಸಿದ ಕಾರೆಲ್ಲ ಕಲೆ, ಕಾರಿನವರಿಗೆ ಸಂಕಟ. ಮಗುವಿಗೆ ನಾಲಿಗೆ ಚಾಚಿ ಕನ್ನಡಿ ನೋಡುವ ಹಬ್ಬ.

ಬನಶಂಕರಿ ಆರನೇ ಹಂತದ ಆಚೆ ತುರಹಳ್ಳಿ ಕಾಡು ಇನ್ನೂ ಉಳಿದಿದೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನವರು, ಸೈಕಲ್ಲಿನವರು, ಹಕ್ಕಿ ನೋಡುವವರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಕಾಡನ್ನು ಕಾಡಾಗಿಯೇ ಬಿಡಿ ಎಂದು ನಿಂತರು. ಯೋಜನೆ ನಿಂತಿತು. ಅಲ್ಲಿ ಕಲ್ಲುಬೆಂಚಿಲ್ಲ, ಬಣ್ಣದ ಆನೆ ಬೊಂಬೆಯಿಲ್ಲ. ತಂಗಡಿಯ ಹಳದಿ ಹೂ, ಎಲಚಿಯ ಮುಳ್ಳು, ಬಂಡೆ, ಕೆಂಪು ದೂಳು. ಪೊದೆಯೊಂದರಲ್ಲಿ ಬಲೆ ನೇಯ್ದು ಕೂತ ಜೇಡ ಎಂಟು ಕಾಲನ್ನೂ ಎರಡೆರಡು ಜೋಡಿಸಿ ಬಲೆಯ ನಡುವೆ ದೊಡ್ಡ ಗುಣಾಕಾರ ಚಿಹ್ನೆ ಮಾಡಿಕೊಂಡಿತ್ತು. ಬೆಳ್ಳಗಿನ ದಪ್ಪ ನೂಲಿನಿಂದ ಅಂಕುಡೊಂಕು ಕಸೂತಿ ಬೇರೆ. ಕಾಲು ನಾಲ್ಕೇ ಎಂದು ಪುಟ್ಟಿ ವಾದ ಮಾಡಿದಳು. ಹತ್ತಿರ ಹೋಗಿ ಬೆರಳು ಮಡಿಸಿ ಎಣಿಸಿದ ಮೇಲೆ ಒಪ್ಪಿದಳು.

ಡಿಸೆಂಬರಿನಲ್ಲಿ ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿಯ ಆಚೆಗಿನ ನಮ್ಮ ನೆಂಟರ ಹೊಲಕ್ಕೆ ಹೋದೆವು. ರಾಗಿ ಕೊಯ್ದು ಮೆದೆ ಹಾಕಿದ್ದರು. ರಾಗಿಯ ನಡುವೆ ಅಕ್ಕಡಿ ಸಾಲಿಗೆ ಬಿತ್ತಿದ್ದ ಅವರೆ ಮಾತ್ರ ಹಸಿರಾಗಿ ನಿಂತು ಮೈತುಂಬ ಕಾಯಿ ಬಿಟ್ಟಿತ್ತು. ಇಬ್ಬನಿಗೆ ಒದ್ದೆಯಾದ ಅವರೆ ಗಿಡದೊಳಗೆ ಕೈ ಹಾಕಿದರೆ ಮೊಳಕೈವರೆಗೂ ಸೊಗಡು ಹತ್ತಿಕೊಳ್ಳುತ್ತದೆ. ಪುಟ್ಟಿ ಅಂಗೈ ಮೂಸಿ ನೋಡಿ ಮುಖ ಸಿಂಡರಿಸಿದಳು, ಮತ್ತೆ ಮೂಸಿದಳು. ನೆಂಟರ ಮನೆಯ ಅಜ್ಜಿ ಅವಳನ್ನು ಪಕ್ಕಕ್ಕೆ ಕರೆದು, "ಬಾ ಮಗ, ಉಬ್ಬಿದ್ ಕಾಯಿ ಕಿತ್ಕೋ, ಚಪ್ಪಟೆದು ಬಿಡು, ಅದು ಮುಂದಿನ್ ವಾರಕ್ಕೆ," ಎಂದು ತೋರಿಸಿಕೊಟ್ಟರು. ಕೀಳು ಎಂದು ದೊಡ್ಡವರೇ ಹೇಳಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ನನ್ನ ಮುಖ ನೋಡಿದಳು. ಹೂಂ ಎಂದೆ. ಆಮೇಲೆ ಅವಳನ್ನು ಆ ಸಾಲಿನಿಂದ ಈಚೆ ತರುವುದು ಕಷ್ಟವಾಯಿತು. ತೊರಡು ಕೋಡಿನ ಹಸು ಮೆದೆಯ ಹುಲ್ಲಿಗೆ ಬಾಯಿ ಹಾಕಿದ್ದನ್ನೂ, ಕೋಳಿ ಮರಿಗಳು ಕಣದಲ್ಲಿ ಕೆದಕುತ್ತಿದ್ದುದನ್ನೂ ಅವಳು ನೋಡಿದ್ದು ಬುಟ್ಟಿ ತುಂಬಿದ ಮೇಲೆಯೇ.

ಮಾರನೆಯ ದಿನ ಮನೆಯ ಮುಂದಿನ ಮೆಟ್ಟಿಲ ಮೇಲೆ ಕಾಯಿ ಸುಲಿದು, ಕಾಳನ್ನು ನೀರಿಗೆ ಹಾಕಿ, ಸಂಜೆ ಹಿತಕಲು ಕೂತೆವು. ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಹಾರಬೇಕು. ದೊಡ್ಡವರು ಅದನ್ನು ಪಾತ್ರೆಯೊಳಗೆ ಹಾರಿಸುತ್ತಾರೆ. ಪುಟ್ಟಿಯ ಮೊದಲ ಬೇಳೆ ಪೇಪರ್ ಓದುತ್ತಿದ್ದ ತಾತನ ಕನ್ನಡಕಕ್ಕೆ ತಗಲಿತು. ತಾತ ಪೇಪರು ಮಡಿಸಿಟ್ಟು, ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ತಾವೂ ಒಂದು ಹಿಡಿ ಕಾಳು ಕೇಳಿದರು. ಅವತ್ತಿನ ಸಾರಿಗೆ ಬೇಳೆ ಸಾಕಾಗಲಿಲ್ಲ, ಆಲೂಗೆಡ್ಡೆ ಹೆಚ್ಚಿ ಹಾಕಿದೆ.